ಗಾಡಿ ನಿಂತ ಮೇಲೆ ಏಳು

ಮನೆಯಿಂದ,
ಮೂರನೇ ತಾರೀಖು, ಸೋಮವಾರ

ಪ್ರೀತಿಯ ಚಿನಕುರುಳಿಗೆ,

ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಲ್ಲಿ ನೀನು, ಅಳಿಯಂದಿರು, ಹೊಟ್ಟೆಯೊಳಗೆ ಕೂತಿರುವ ಆ ಟಿಕೆಟ್ಟಿಲ್ಲದ ಪ್ರಯಾಣಿಕರು, ಮೂವರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಕಾಗದ ತಡವಾಯಿತು, ಬೈಯಬೇಡ. ಟಿಕೆಟ್ಟು, ವೀಸಾ, ವಿಮೆ ಅಂತ ಓಡಾಡಿ ನನ್ನ ಚಪ್ಪಲಿಯ ಹಿಮ್ಮಡಿಯಲ್ಲಿ ನೆಲ ಕಾಣಿಸುತ್ತಿದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಾನು ಮೊದಲನೇ ಗೇರಿನಿಂದ ಎರಡನೆಯದಕ್ಕೆ ಬರುವುದರೊಳಗೆ ನೀನು "ಆಯ್ತು ಮಾವ, ಅಮ್ಮಂಗೆ ಕೊಡು" ಅಂದುಬಿಡುತ್ತೀಯ. ಕಾಗದದಲ್ಲಾದರೆ ನನ್ನನ್ನು ತಡೆಯುವವರಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ. ಕಾಲೇಜು ಓದಿದ ನಿನ್ನ ಗಂಡನ ಅಕ್ಷರಕ್ಕಿಂತ ದುಂಡಗಿದೆಯೋ ಇಲ್ಲವೋ ನೀನೇ ನೋಡಿ ಹೇಳು.

ಇನ್ನು ಸುದ್ದಿ. ನಿನ್ನ ಅಮ್ಮನನ್ನು ಹೆರಿಗೆಗೆ ಮುಂಚೆ ನಿನ್ನ ಮನೆ ಬಾಗಿಲಿಗೆ ತಂದು ಇಳಿಸುವ ಜವಾಬ್ದಾರಿ ನನ್ನದು. ಇದು ನಾನು ಕೊಡುವ ಮಾತು. ಹೋದ ಸಲ ಅವಳು ಬರಲಿಲ್ಲ. ವೀಸಾ ಬರುವುದರೊಳಗೆ ಆಗಬಾರದ್ದು ಆಗಿಹೋಯಿತು. ಆ ಮಗು ಹೋದ ದಿನ ನೀನು ಆಸ್ಪತ್ರೆಯಲ್ಲಿ ಒಬ್ಬಳೇ ಮಲಗಿದ್ದೆ ಅನ್ನುವುದು ಅಕ್ಕನ ಎದೆಯಲ್ಲಿ ಇವತ್ತಿಗೂ ಮುಳ್ಳಿನ ಹಾಗೆ ಆಡುತ್ತದೆ. ಅದರ ಮಾತನ್ನು ಅವಳು ಆಡುವುದಿಲ್ಲ. ಆದರೆ ನಿನಗೆಂದು ಹೊಲಿದ ಸಣ್ಣ ಸಣ್ಣ ಅಂಗಿಗಳನ್ನು ಪೆಟ್ಟಿಗೆಗೆ ಇಡುತ್ತಾಳೆ, ತೆಗೆಯುತ್ತಾಳೆ, ಮತ್ತೆ ಇಡುತ್ತಾಳೆ. "ಈ ಸಲ ತಪ್ಪಬಾರದು ಕಣೋ" ಅನ್ನುತ್ತಾಳೆ. ತಪ್ಪುವುದಿಲ್ಲ. ಕರೆದುಕೊಂಡು ಬರುವವನು ಯಾರು ಗೊತ್ತಲ್ಲ?

ರಾತ್ರಿ ಬಸ್ಸಿನ ಸ್ಟೇರಿಂಗ್ ಹಿಡಿದು ಇಡೀ ಸರ್ವೀಸು ಮುಗಿಸಿದವನು ನಾನು. ಒಂದು ಆಕ್ಸಿಡೆಂಟಿಲ್ಲ. ಒಂದು ದಿನ ಲೇಟಿಲ್ಲ. ಬೇರೆ ಡ್ರೈವರುಗಳು ಮೂರು ಕಡೆ ನಿಲ್ಲಿಸಿ ಟೀ ಕುಡಿಯುತ್ತಿದ್ದರು. ನಾನು ಹೊರಟರೆ ತಲುಪಿದ ಮೇಲೆಯೇ ಬ್ರೇಕ್. ಅದಕ್ಕೇ ಡಿಪೋದಲ್ಲಿ ನನಗೆ ನಿಲ್ಲಿಸದಪ್ಪ ಅಂತ ಹೆಸರಿಟ್ಟರು. ಗೇಲಿ ಮಾಡಲು ಇಟ್ಟರು, ನಾನು ಬಿರುದಿನ ಹಾಗೆ ಹೊತ್ತುಕೊಂಡೆ. ನನ್ನ ಗಾಡಿಯಲ್ಲಿ ಎರಡೇ ಕಾನೂನು. ಹತ್ತುವ ಮುಂಚೆ ನೀರು ಕುಡಿಯಬೇಡ. ಗಾಡಿ ನಿಂತ ಮೇಲೆ ಏಳು. ಈ ಎರಡು ಪಾಲಿಸಿದವರಿಗೆ ದಾರಿಯಲ್ಲಿ ತೊಂದರೆಯೇ ಇಲ್ಲ. ವಿಮಾನ ಅಂದರೆ ಮತ್ತೇನು? ರೆಕ್ಕೆ ಕಟ್ಟಿದ ಬಸ್ಸು. ಅದರಲ್ಲೂ ಎದುರಿಗೆ ಲಾರಿ ಬರುವುದಿಲ್ಲ, ಅಡ್ಡ ದನ ಬರುವುದಿಲ್ಲ. ಅಂಥ ದಾರಿಯಲ್ಲಿ ಓಡಿಸುವುದಕ್ಕೆ ಆ ಪೈಲಟ್ಟಿಗೆ ಅಷ್ಟು ಸಂಬಳ ಯಾಕೋ ನನಗೆ ಅರ್ಥವಾಗಿಲ್ಲ.

ಅಕ್ಕನಿಗೆ ಈಗಿನಿಂದಲೇ ಪಾಠ ಶುರು ಮಾಡಿದ್ದೇನೆ. ಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ಟವೆಲ್ ಕಟ್ಟಿ, "ಇದು ಬೆಲ್ಟು, ಈಗ ಏಳಬಾರದು" ಅಂತ ಅಭ್ಯಾಸ ಮಾಡಿಸಿದೆ. ಪಾಪ, ಅರ್ಧ ಗಂಟೆ ಕೂತಳು. ಒಲೆ ಮೇಲಿನ ಹಾಲು ಉಕ್ಕಿ ಹರಿಯಿತು. "ಹಾಲು ಕಣೋ" ಅಂದಳು. "ಗಾಡಿ ನಿಂತ ಮೇಲೆ" ಅಂದೆ. ನಿನ್ನ ಅತ್ತೆ ಹಿತ್ತಲಿನಿಂದ ಪೊರಕೆ ಹಿಡಿದುಕೊಂಡೇ ಬಂದಳು: "ರೀ, ಬಸ್ಸಿಗೆ ಬ್ರೇಕ್ ಹಾಕಲಿಲ್ಲ, ಹೋಗಲಿ. ಬಾಯಿಗಾದರೂ ಹಾಕಿ!"

ಸೀಟನ್ನೂ ಯೋಚಿಸಿಯೇ ಆರಿಸಿದ್ದೇನೆ. ಇಬ್ಬರೇ ಕೂರುವ ಸಾಲು. ಅವಳಿಗೆ ಕಿಟಕಿ, ನನಗೆ ದಾರಿ ಪಕ್ಕ. ನನ್ನನ್ನು ದಾಟದೆ ಅವಳು ಎಲ್ಲಿಗೂ ಹೋಗುವಂತಿಲ್ಲ. ಮಧ್ಯೆ ಒಂದು ದೊಡ್ಡ ಏರ್‌ಪೋರ್ಟಿನಲ್ಲಿ ವಿಮಾನ ಬದಲಿಸಬೇಕಂತೆ. ಬದಲಿಸೋಣ. ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಸಲ ಬದಲಿಸಿಲ್ಲ?

ವಿಮೆ ಮಾಡಿಸಿದ ಕತೆ ಹೇಳಲೇಬೇಕು. ಆಫೀಸಿನಲ್ಲಿ ಕನ್ನಡಕದ ಹುಡುಗಿಯೊಬ್ಬಳು. "ಅಮ್ಮಾ, ನಿಮಗೆ ಏನಾದರೂ ಕಾಯಿಲೆ? ಆಪರೇಷನ್? ಮಾತ್ರೆ?" ಅಂತ ಒಂದೊಂದೇ ಕೇಳಿದಳು. ನಿನ್ನ ಅಮ್ಮ ಹರಿಶ್ಚಂದ್ರನ ತಂಗಿ. "ಹೋದ ವರ್ಷ ಮಂಡಿ..." ಅಂತ ಬಾಯಿ ತೆರೆದಳು. ಮೇಜಿನ ಕೆಳಗೆ ಅವಳ ಕಾಲು ತುಳಿದೆ ನೋಡು! ಬಾಯಿ ಗಪ್ಪನೆ ಮುಚ್ಚಿತು. "ನಮ್ಮಕ್ಕ ಗುಂಡುಕಲ್ಲಿನ ಹಾಗಿದ್ದಾಳೆ, ನಿಮಗಿಂತ ಗಟ್ಟಿ, ಬರ್ಕೊಳ್ಳಿ" ಅಂದೆ. ಹುಡುಗಿ ನಕ್ಕು ಬರೆದುಕೊಂಡಳು. ಹೊರಗೆ ಬಂದ ಮೇಲೆ ಅಕ್ಕ, "ಸಂಜೆಯಾದರೆ ಕಾಲು ಊದುತ್ತಲ್ಲೋ, ಹೇಳಬೇಕಿತ್ತೇನೋ" ಅಂದಳು. ಇದ್ದದ್ದನ್ನೆಲ್ಲ ಹೇಳುತ್ತಾ ಹೋದರೆ ಇವರು ಟಿಕೆಟ್ಟಿಗಿಂತ ವಿಮೆಗೇ ಹೆಚ್ಚು ಕೇಳುತ್ತಾರೆ ಅಂತ ತಿಳಿಹೇಳಿದೆ. ಮಂಡಿ ಆಪರೇಷನ್ ಮಾಡಿದ ಡಾಕ್ಟರು, ಹೊರಡುವ ಮುಂಚೆ ಒಮ್ಮೆ ಬಂದು ತೋರಿಸಿ ಅಂದಿದ್ದರಂತೆ. ನಡೆದಾಡುವವಳನ್ನು ತೋರಿಸುವುದೇನು? ನಾನಿದ್ದೇನಲ್ಲ.

ಒಂದು ವಿಷಯ ಬರೆದು ಮುಗಿಸುತ್ತೇನೆ. ನಾನು ಶಾಲೆಗೆ ಸೇರಿದ ವರ್ಷ ನನ್ನ ಕೈ ಹಿಡಿದು ದಿನಾ ಬಿಟ್ಟು ಬರುತ್ತಿದ್ದವಳು ಇವಳು. ನಾನು ಒಳಗೆ ಹೋಗಲು ಅತ್ತರೆ ಕಿಟಕಿಯಾಚೆ ನಿಂತಿರುತ್ತಿದ್ದಳು. ಈಗ ನಾನು ಅವಳ ಕೈ ಹಿಡಿದು ಆಕಾಶದಲ್ಲಿ ಕರೆದುಕೊಂಡು ಬರುತ್ತಿದ್ದೇನೆ. ಇಷ್ಟು ಹೆಮ್ಮೆ ಪಡಲು ನನಗೆ ಬಿಡು.

ನೀನು ಭಾರ ಎತ್ತಬೇಡ, ಅಳಿಯಂದಿರ ಮೇಲೆ ರೇಗಬೇಡ, ಹೊಟ್ಟೆ ತುಂಬ ಊಟ ಮಾಡು.

ಇಂತಿ ನಿನ್ನ ಮಾವ,
ನಿಲ್ಲಿಸದಪ್ಪ

ತಾ.ಕ.: ನಿನ್ನ ಅಮ್ಮ ಈಗಲೇ ಹೇಳಿದಳು, ಎರಡು ಅಂಗಿ ಹೆಚ್ಚಿಗೆ ಹೊಲಿದಿದ್ದಾಳಂತೆ. ಅವಳಿ ಇರಬಹುದು ಅಂತ ನಾನು ತಮಾಷೆ ಮಾಡಿದ್ದನ್ನು ನಂಬಿಬಿಟ್ಟಿದ್ದಾಳೆ.


ದಾರಿಯಿಂದ,
ಇಪ್ಪತ್ತೊಂಬತ್ತು, ಶನಿವಾರ

ಚಿನಕುರುಳೀ,

ಆಶೀರ್ವಾದ. ನೀನು ಫೋನ್ ತೆಗೆಯುತ್ತಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಕೂತು ಬರೆಯಲು ಮೇಜಿಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ವಕ್ರವಾಗಿದ್ದರೆ ಅದಕ್ಕೆ ಕಾರಣ ಅಷ್ಟೇ.

ನಿನ್ನ ಅಮ್ಮ ಫೋನಿನಲ್ಲಿ ಹೇಳಿದ್ದೇ ವಿಷಯ. ಮೊದಲನೇ ವಿಮಾನದಲ್ಲಿ ಬಂದೆವು. ಇಳಿದೆವು. ಅವಳಿಗೆ ಬಹಳ ಭಯವಾಯಿತು. ಎರಡನೆಯದು ಹತ್ತುವುದಿಲ್ಲ ಅಂದಳು. ಹೆದರಿದವರನ್ನು ಎಳೆದುಕೊಂಡು ಹೋಗಲು ಆಗುತ್ತದೆಯೇ? ಸ್ವಲ್ಪ ದಿನ ಇಲ್ಲಿದ್ದು ವಾಪಸ್ ಹೋಗುತ್ತೇವೆ. ಅಷ್ಟೇ. ಬೇರೇನೂ ಇಲ್ಲ.

"ಎರಡನೇ ಸಲವೂ ನೀನು ಬರಲಿಲ್ಲ ಅಮ್ಮ" ಅಂತ ನೀನು ಅಂದು ಫೋನ್ ಇಟ್ಟೆಯಂತೆ. ನೀನು ಅಂದದ್ದರಲ್ಲಿ ತಪ್ಪಿಲ್ಲ. ಆದರೂ ಮಗಳೇ, ಅಷ್ಟು ವಯಸ್ಸಾದವಳು, ನೆಲ ಬಿಟ್ಟು ಹೋದವಳೇ ಅಲ್ಲ, ಹೆದರುವುದು ಸಹಜ. ಅವಳ ಮೇಲೆ ಕೋಪ ಬೇಡ. ಕೋಪ ಮಾಡಲೇಬೇಕಾದರೆ ನನ್ನ ಮೇಲೆ ಮಾಡು, ನನ್ನ ಚರ್ಮ ದಪ್ಪ.

ಅಕ್ಕ ಇಲ್ಲೇ ಇದ್ದಾಳೆ. ಮಲಗಿದ್ದಾಳೆ. ಬರೆದದ್ದನ್ನು ಒಂದೊಂದು ಸಾಲೂ ಓದಿ ಹೇಳು ಅನ್ನುತ್ತಾಳೆ. "ನಾನು ಚೆನ್ನಾಗಿದ್ದೀನಿ ಅಂತ ಬರೆದೆಯಾ?" ಅಂತ ಈಗ ಕೇಳಿದಳು. ಬರೆಯುತ್ತಿದ್ದೇನೆ: ಅಮ್ಮ ಚೆನ್ನಾಗಿದ್ದಾಳೆ. ಅಂಗಿಗಳನ್ನೆಲ್ಲ ಪಾರ್ಸಲ್ ಮಾಡಿ ಕಳಿಸು ಅಂದಿದ್ದಾಳೆ. ಕಳಿಸುತ್ತೇನೆ.

ವಿಮಾನ ಹೇಗಿತ್ತು ಮಾವ ಅಂತ ನೀನು ಕೇಳುತ್ತಿಲ್ಲ. ಕೇಳಿದ್ದರೆ ಹೇಳಲು ಬಹಳ ಇತ್ತು. ಈ ಸಲ ಬೇಡ.

ನಿನ್ನ ಆರೋಗ್ಯ ನೋಡಿಕೋ. ಅದೊಂದೇ ನಮಗೆ ಬೇಕಾದ್ದು.

ಮಾವ

ತಾ.ಕ.: ಅಳಿಯಂದಿರ ಕೈಯಲ್ಲಾದರೂ ಒಂದು ಫೋನ್ ಮಾಡಿಸು.


ಮನೆಯಿಂದ,
ಹದಿನೇಳು, ಗುರುವಾರ

ಮಗಳು ಚಿನಕುರುಳಿಗೆ, ಚಿನಕುರುಳಿಯ ಮಗಳಿಗೂ,

ಇಬ್ಬರಿಗೂ ನಿಮ್ಮ ಮಾವನ ತುಂಬು ಮನಸ್ಸಿನ ಆಶೀರ್ವಾದಗಳು. ಅವಳಿಗೆ ನಾನು ಅಜ್ಜ ಆಗಬೇಕಲ್ಲವೇ? ಆಗಲಿ. ಆದರೆ ತಲೆಕೂದಲು ಇನ್ನೂ ಕಪ್ಪಿದೆ ಅಂತ ಹೇಳಿರು. ಬಣ್ಣ ಅಂತ ಹೇಳಬೇಡ.

ಬಹಳ ತಡವಾಗಿ ಬರೆಯುತ್ತಿದ್ದೇನೆ. ಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಹೊಟ್ಟೆ ಕೊಯ್ದು ತೆಗೆದರು ಅಂತ ಅಳಿಯಂದಿರು ಫೋನ್ ಮಾಡಿದ ದಿನವೇ ಬರೆಯಲು ಕೂತೆ. ಬರೆದೆ, ಹರಿದೆ. ನಿನ್ನ ಅತ್ತೆ ಕಸದ ಬುಟ್ಟಿ ನೋಡಿ, "ಅಂಚೆಯವನ ಕೆಲಸ ನಾನೇ ಮಾಡ್ತಿದ್ದೀನಿ, ನಿಮ್ಮ ಕಾಗದ ಎಲ್ಲ ಒಲೆಗೆ ಬಟವಾಡೆ ಆಗ್ತಿದೆ" ಅಂದಳು. ಇವತ್ತು ಹರಿಯುವುದಿಲ್ಲ.

ಆ ಫೋನಿನ ದಿನದ್ದು ಮೊದಲು ಹೇಳುತ್ತೇನೆ. ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಅವಳಿಗೆ ಒಂದು ನಿಮಿಷ ಕೊಡ್ತೀರಾ?" ಅಂತ ಕೇಳಿದಳು. "ಮಲಗಿದ್ದಾಳೆ ಅತ್ತೆ" ಅಂದರು ಅಳಿಯಂದಿರು. ಹಿಂದಿನಿಂದ ನೀನು ಮಗುವಿಗೆ ಏನೋ ಹೇಳುತ್ತಿದ್ದದ್ದು ನಮ್ಮಿಬ್ಬರಿಗೂ ಕೇಳಿಸಿತು. ಅಕ್ಕ, "ಮಲಗಲಿ, ಮಲಗಲಿ, ಎಬ್ಬಿಸಬೇಡಿ" ಅಂದು ಫೋನ್ ಇಟ್ಟಳು. ಆಮೇಲೆ ಬಂದವರಿಗೆಲ್ಲ, ಅಂದರೆ ಹಾಲಿನವನಿಗೆ, ಪಕ್ಕದ ಮನೆಯವಳಿಗೆ, ಮೀಟರ್ ಓದಲು ಬಂದವನಿಗೆ, ಮೊಮ್ಮಗಳ ಧ್ವನಿ ಕೇಳಿದೆ ಅಂತ ಹೇಳಿದಳು. ಮಗು ಅತ್ತೇ ಇರಲಿಲ್ಲ. ಅವಳು ಕೇಳಿದ್ದು ನಿನ್ನ ಧ್ವನಿ.

ಈಗ ನಿಜ ಹೇಳುತ್ತೇನೆ. ಮಗು ಹುಟ್ಟುವವರೆಗೆ ಹೇಳಕೂಡದು ಅಂತ ಅಕ್ಕ ನನ್ನ ತಲೆ ಮುಟ್ಟಿ ಆಣೆ ಹಾಕಿಸಿಕೊಂಡಿದ್ದಳು. ಅವಧಿ ಮುಗಿಯಿತು. ಇನ್ನೂ ಹೇಳಬೇಡ ಅನ್ನುತ್ತಾಳೆ, ಆದರೆ ನಾನು ಎಂದು ಅವಳ ಮಾತು ಕೇಳಿದ್ದೇನೆ?

ನಿನ್ನ ಅಮ್ಮ ವಾಪಸ್ ಬಂದದ್ದು ಹೆದರಿ ಅಲ್ಲ.

ಆ ದೊಡ್ಡ ಏರ್‌ಪೋರ್ಟಿನಲ್ಲಿ ಇಳಿದು ನಡೆಯುತ್ತಿದ್ದೆವು. ಗಾಜಿನ ಗೋಡೆಯ ಉದ್ದನೆಯ ದಾರಿ, ನೆಲ ಕನ್ನಡಿಯಂತೆ. ಅಕ್ಕ ಹಿಂದೆ ಬಿದ್ದಳು. ತಿರುಗಿ ನೋಡಿದರೆ ಗೋಡೆ ಹಿಡಿದು ನಿಂತಿದ್ದಾಳೆ. "ಉಸಿರು ಸಾಲುತ್ತಿಲ್ಲ ಕಣೋ" ಅಂದಳು. ನಾನು, "ಕೂತೂ ಕೂತೂ ಹಾಗಾಗಿದೆ, ನಡೆ, ಸರಿಹೋಗುತ್ತೆ" ಅಂದೆ. ಇನ್ನೆರಡು ಹೆಜ್ಜೆ ನಡೆದಳು, ಪೆಟ್ಟಿಗೆಯ ಮೇಲೆ ಕೂತಳು, ಪೆಟ್ಟಿಗೆಯ ಸಮೇತ ಪಕ್ಕಕ್ಕೆ ವಾಲಿದಳು. ಬಲಗಾಲು ಎಡಗಾಲಿನ ಎರಡರಷ್ಟು ಊದಿತ್ತು. ಚಪ್ಪಲಿ ಬಿಚ್ಚಲು ಬರಲಿಲ್ಲ, ಅಲ್ಲಿನವರು ಕತ್ತರಿಸಿ ತೆಗೆದರು. ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ಓಡಿಬಂದು ಅಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನನಗೆ ಅವಳ ಭಾಷೆ ಬರದು, ಅವಳಿಗೆ ನನ್ನದು ಬರದು. ನಾನು "ಅಕ್ಕ, ನಮ್ಮ ಅಕ್ಕ" ಅನ್ನುತ್ತಲೇ ಇದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಫೋನಿನಲ್ಲಿ ಯಾರನ್ನೋ ಹಿಡಿದು ನಮ್ಮ ಮಾತಿನಲ್ಲಿ ಹೇಳಿಸಿದರು. ಮುಖವಿಲ್ಲದ ಒಂದು ಗಂಡಸಿನ ಧ್ವನಿ. ಬಹಳ ಹೊತ್ತು ಅಲುಗಾಡದೆ ಕೂತದ್ದಕ್ಕೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದರ ಒಂದು ಚೂರು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಅಂತ ಆ ಧ್ವನಿ ಹೇಳಿತು. ಆಮೇಲೆ ಡಾಕ್ಟರಮ್ಮ ಅಕ್ಕನನ್ನೇ ಕೇಳಿದರು: ಬೆಳಿಗ್ಗೆಯಿಂದ ಸಂಜೆವರೆಗೆ ಹಾರಿದ್ದೀರಿ, ಮಂಡಿ ಆಪರೇಷನ್ ಆದವರು, ಒಂದು ಸಲವೂ ಎದ್ದು ಓಡಾಡಲಿಲ್ಲವೇ? ನೀರು ಕುಡಿಯಲಿಲ್ಲವೇ? ಮೂಗಿಗೆ ಹಾಕಿದ್ದ ನಳಿಕೆಯನ್ನು ಸ್ವಲ್ಪ ಸರಿಸಿ ಅಕ್ಕ ಹೇಳಿದ ಮಾತು ಇದು: "ನನಗೇ ಏಳಬೇಕು ಅನ್ನಿಸಲಿಲ್ಲ."

ನಾನು ಪಕ್ಕದಲ್ಲೇ ಇದ್ದೆ.

ಹತ್ತುವ ಮುಂಚೆ ನೀರು ಕುಡಿಯಬೇಡ. ಗಾಡಿ ನಿಂತ ಮೇಲೆ ಏಳು. ನನ್ನ ಎರಡು ಕಾನೂನು. ಹೊರಡುವ ಮುಂಚೆ ವಿಮಾನದ ಹುಡುಗಿ ನೀರಿನ ಲೋಟ ತಂದಾಗ ನಾನೇ ಇಬ್ಬರ ಪರವಾಗಿ ಕೈ ಅಲ್ಲಾಡಿಸಿದೆ. ಆಮೇಲೆ ಗಡದ್ದಾಗಿ ನಿದ್ದೆ ಹೊಡೆದೆ. ದಾರಿ ಪಕ್ಕದ ಸೀಟಿನಲ್ಲಿ ನಾನು, ನನ್ನಾಚೆ ಅವಳು. ನನ್ನ ಬಸ್ಸಿನಲ್ಲಿ ಮುದುಕರು, ಬಸುರಿಯರು ಎಷ್ಟು ಜನ ಹಾಗೆ ಬಾಯಿ ಮುಚ್ಚಿಕೊಂಡು ಕೂತಿದ್ದರೋ. ತಲುಪಿದ ಮೇಲೆ ಅವರೆಲ್ಲ ಎಲ್ಲಿಗೆ ಹೋದರು, ಏನಾದರು ಅಂತ ನಾನು ಒಂದು ದಿನವೂ ಯೋಚಿಸಿದವನಲ್ಲ. ಈಗ ಯೋಚಿಸುತ್ತೇನೆ.

ವಿಮೆಯವರಿಗೆ ಫೋನ್ ಮಾಡಿಸಿದೆ. ಅದೇ ಕನ್ನಡಕದ ಹುಡುಗಿ. ಆಸ್ಪತ್ರೆಯವರು ಆಪರೇಷನ್ನಿನ ಗುರುತು ನೋಡಿ ಬರೆದು ಕಳಿಸಿಬಿಟ್ಟಿದ್ದರು. "ಸಾರ್, ಆವತ್ತು ಯಾಕೆ ಹೇಳಲಿಲ್ಲ? ಹೇಳಿದ್ದಿದ್ರೆ ಅದನ್ನೂ ಸೇರಿಸಿಯೇ ಕೊಡ್ತಿದ್ವಿ. ಡಾಕ್ಟರ ಹತ್ತಿರ ಒಂದು ಸಲ ತೋರಿಸಿ ಬನ್ನಿ ಅಂತ ನಾವೇ ಕಳಿಸ್ತಿದ್ವಿ." ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವಳು ನಿಜವಾಗಿಯೂ ಬೇಜಾರಿನಿಂದ ಕೇಳಿದಳು. ಅವರು ಕೈ ಎತ್ತಿದರು. ರಿಟೈರಾದ ಮೇಲೆ ಕೊಂಡಿದ್ದ ನನ್ನ ಹಳೇ ವ್ಯಾನನ್ನು ನಿನ್ನ ಅತ್ತೆ ಇಲ್ಲಿ ಮಾರಿ ಆಸ್ಪತ್ರೆಯ ಹಣ ಕಳಿಸಿದಳು. ಹೋಗಲಿ ಬಿಡು, ಅದಕ್ಕೆ ಹಾರನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸದ್ದು ಮಾಡುತ್ತಿತ್ತು.

ಹಣ ಹೋದದ್ದಕ್ಕಲ್ಲ ಮಗಳೇ ನಾನು ಕೊರಗುವುದು. ಚಿಕಿತ್ಸೆ ಆಗಿ ಅಕ್ಕ ಎದ್ದು ಕೂತ ಮೇಲೆ, ಇನ್ನು ಕೆಲವು ವಾರ ಮಾತ್ರೆ ತೆಗೆದುಕೊಂಡು, ಕಾಲಿಗೆ ಬಿಗಿ ಕಾಲುಚೀಲ ಹಾಕಿಕೊಂಡು, ಹುಷಾರಾಗಿ ಹೋಗಬಹುದು ಅಂದರು ಡಾಕ್ಟರಮ್ಮ. ನಿನ್ನ ಹೆರಿಗೆಗೆ ಆಗಿನ್ನೂ ದಿನವಿತ್ತು. ಅಕ್ಕನ ಮುಖ ನೋಡಬೇಕಿತ್ತು ನೀನು. ಹಾಸಿಗೆಯ ಮೇಲೇ ಕೂತು ಪೆಟ್ಟಿಗೆ ಜೋಡಿಸಿದಳು. ಆದರೆ ವಿಮೆ ಇಲ್ಲದೆ ನಿಮ್ಮ ದೇಶದವರು ಒಳಗೆ ಬಿಡುವುದಿಲ್ಲ. ಒಂದು ಸಲ ಸುಳ್ಳು ಹೇಳಿದವರು ಅಂತ ಹಳೆಯ ವಿಮೆ ರದ್ದಾಯಿತು. ಹೊಸದಾಗಿ ಯಾರನ್ನು ಕೇಳಿದರೂ, ಇಂಥ ಕಾಯಿಲೆ ಆಗಿ ಇಷ್ಟು ತಿಂಗಳು ಕಳೆಯಲಿ ಅಂದರು. ಅವಳನ್ನು ತಡೆದದ್ದು ಕಾಲೂ ಅಲ್ಲ, ಭಯವೂ ಅಲ್ಲ. ಮೇಜಿನ ಕೆಳಗೆ ನಾನು ಅವಳ ಪಾದ ತುಳಿದೆನಲ್ಲ, ಅದು.

ಅಕ್ಕ ಪೆಟ್ಟಿಗೆಯಿಂದ ಅಂಗಿಗಳನ್ನು ತೆಗೆದು ಬೇರೆ ಕಟ್ಟಿದಳು. "ಪಾರ್ಸಲ್ ಮಾಡು" ಅಂದಳು. "ಅವಳಿಗೆ ಏನಂತ ಹೇಳೋಣ ಅಕ್ಕ?" ಅಂದೆ. "ಮೊನ್ನೆ ಫೋನಿನಲ್ಲಿ ಹೆದರಿದೆ ಅಂದಾಗಿದೆಯಲ್ಲ, ಅದೇ ಇರಲಿ. ಹೋದ ಸಲ ಹಾಗಾದವಳು, ನನ್ನ ಯೋಚನೆ ಹಚ್ಚಿಕೊಂಡರೆ ಒಳಗಿರೋದಕ್ಕೆ ತಟ್ಟುತ್ತೆ. ನನ್ನ ಮೇಲೆ ಕೋಪ ಇದ್ದರೆ ಗಟ್ಟಿಯಾಗಿರ್ತಾಳೆ. ನನ್ನ ಮಗಳು ನನಗೆ ಗೊತ್ತಿಲ್ಲವೇನೋ?"

ಕೋಪ ಇದ್ದರೆ ಗಟ್ಟಿಯಾಗಿರುತ್ತಾಳೆ. ಹಾಗಂದುಕೊಂಡು ನಿನ್ನ ಕೋಪವನ್ನು ಅವಳೇ ಇಷ್ಟು ದಿನ ನೀರೆರೆದು ಬೆಳೆಸಿದಳು. ಗಟ್ಟಿಯಾಗಿ ಇದ್ದೆಯಲ್ಲ. ಸಾಕಮ್ಮ, ಇನ್ನು ಇಳಿಸು.

ಇಲ್ಲಿಗೆ ವಾಪಸ್ ಬರುವಾಗ ಡಾಕ್ಟರಮ್ಮ ಹೇಳಿದ ಹಾಗೇ ಬಂದೆವು. ನೀರು ಕುಡಿಸಿದೆ, ಹೊತ್ತುಹೊತ್ತಿಗೆ ಎಬ್ಬಿಸಿ ನಡೆಸಿದೆ. ವಿಮಾನದಿಂದ ಇಳಿದ ಮೇಲೆ ಊರಿಗೆ ಬಸ್ಸು. ಅರ್ಧ ದಾರಿಯಲ್ಲಿ ನಾನು ಮುಂದೆ ಹೋಗಿ ಡ್ರೈವರನ್ನು ಕೇಳಿದೆ: "ಸ್ವಲ್ಪ ನಿಲ್ಲಿಸಪ್ಪ, ನಮ್ಮ ಅಕ್ಕ ಎರಡು ಹೆಜ್ಜೆ ನಡೀಬೇಕು." ಕನ್ನಡಿಯಲ್ಲಿ ನನ್ನನ್ನು ನೋಡಿ ಅವನು, "ಗಾಡಿ ಮಧ್ಯೆ ನಿಲ್ಲಲ್ಲ ಅಜ್ಜ, ಹೋಗಿ ಕೂತ್ಕೊಳ್ಳಿ" ಅಂದ. "ನಾನೂ ಡ್ರೈವರೇ" ಅಂದೆ. "ಹಾಗಿದ್ರೆ ನಿಮಗೆ ಹೇಳೋದೇ ಬೇಡ, ನಿಮಗೇ ಗೊತ್ತು" ಅಂದ. ನನಗೆ ಗೊತ್ತಿತ್ತು. ಅವನ ಸೀಟಿನ ಪಕ್ಕ ನಿಂತು ಕೈ ಮುಗಿದೆ ಮಗಳೇ. ನಾನು, ಕೈ ಮುಗಿದೆ. ಬೈದುಕೊಂಡು ನಿಲ್ಲಿಸಿದ. ರಸ್ತೆ ಬದಿಯಲ್ಲಿ ಅಕ್ಕ ನನ್ನ ತೋಳು ಹಿಡಿದು ಆ ಕಂಬದಿಂದ ಈ ಕಂಬಕ್ಕೆ ನಡೆದಳು. ಬಸ್ಸಿನವರೆಲ್ಲ ಕಿಟಕಿಯಿಂದ ನೋಡುತ್ತಿದ್ದರು. "ಮದುವೆ ದಿಬ್ಬಣ ನೋಡೋ ಹಾಗೆ ನೋಡ್ತಾರಲ್ಲೋ" ಅಂತ ನಕ್ಕಳು. ಡಿಪೋದವರಿಗೆ ಹೇಳಬೇಡ, ನನ್ನ ಬಿರುದು ಆವತ್ತೇ ಹೋಯಿತು.

ಇನ್ನೊಂದು ಕಾರಣಕ್ಕೂ ಇವತ್ತು ಬರೆಯಲೇಬೇಕಾಯಿತು. ನೀನು ಮಗುವನ್ನು ಕರೆದುಕೊಂಡು ಇತ್ತ ಬರುವ ಯೋಚನೆಯಲ್ಲಿದ್ದೀಯ, ಆದರೆ ಅಮ್ಮನ ಮನೆಗಲ್ಲ, ಗಂಡನ ಮನೆಗೆ ಅಂತ ಅಳಿಯಂದಿರ ಮಾತಿನಲ್ಲಿ ತಿಳಿಯಿತು. ಯಾರ ಮನೆಗಾದರೂ ಬಾ. ಆದರೆ ಆತುರ ಬೇಡ. ಹೊಟ್ಟೆ ಕೊಯ್ಸಿಕೊಂಡ ಬಾಣಂತಿಯರಿಗೂ ಹೀಗೇ ಕಾಲಿನಲ್ಲಿ ರಕ್ತ ಕಟ್ಟುವುದುಂಟು ಅಂತ ಡಾಕ್ಟರಮ್ಮ ಹೇಳಿದ್ದರು. ನಿನ್ನ ಡಾಕ್ಟರು ಹೂಂ ಅನ್ನುವವರೆಗೆ ಟಿಕೆಟ್ಟು ಮುಟ್ಟಬೇಡ. ನಿನ್ನ ಅಮ್ಮನಿಗೆ ಹೀಗಾಗಿತ್ತು ಅನ್ನುವುದನ್ನೂ ಅವರಿಗೆ ಹೇಳು. ರಕ್ತಸಂಬಂಧದಲ್ಲಿ ಇದ್ದರೆ ಅವರಿಗೆ ಗೊತ್ತಿರಬೇಕಂತೆ. ಮಗುವಿನ ಡಾಕ್ಟರನ್ನೂ ಕೇಳು. ವಿಮೆಯವರು ಕೇಳಿದ್ದಕ್ಕೆಲ್ಲ, ಹೋದ ಸಲದ್ದೂ ಸೇರಿಸಿ, ಬಾಯಿ ತೆರೆದು ಹೇಳು. ಪಕ್ಕದಲ್ಲಿ ಕಾಲು ತುಳಿಯುವವರು ಯಾರಾದರೂ ಇದ್ದರೆ ತಿರುಗಿ ತುಳಿ. ಮಗುವಿನ ಹೆಸರೂ ವಿಮೆಯಲ್ಲಿ ಸೇರಿಸು. ವಿಮಾನ ಏರುವಾಗ ಇಳಿಯುವಾಗ ಮಗುವಿಗೆ ಹಾಲೂಡಿಸು, ನುಂಗುತ್ತಿದ್ದರೆ ಕಿವಿ ನೋಯುವುದಿಲ್ಲ. ನೀನು ದಾರಿ ಪಕ್ಕದ ಸೀಟಿನಲ್ಲಿ ಕೂರು. ಬೆಲ್ಟ್ ಬಿಚ್ಚಬಹುದು ಅಂದಾಗ ಎದ್ದು ನಡೆ, ಮಗು ಅಳಿಯಂದಿರ ಕೈಯಲ್ಲಿರಲಿ. ನೀರು ಕುಡಿ. ಗಾಡಿ ಓಡುತ್ತಿರುವಾಗಲೇ ಏಳು ಮಗಳೇ. ಯಾರು ಬೇಡ ಅಂದರೂ ಏಳು.

ಅದಕ್ಕಿಂತ ಮುಂಚೆ ಅಮ್ಮನಿಗೆ ಒಂದು ಫೋನ್ ಮಾಡು. ಕ್ಷಮಿಸು ಅನ್ನಬೇಕಾಗಿಲ್ಲ, ಅವಳಿಗೆ ಅದು ಬೇಕಾಗಿಯೂ ಇಲ್ಲ. ಅಂಗಿ ಅಳತೆ ಸರಿಹೋಯಿತೋ ಇಲ್ಲವೋ ಅಷ್ಟು ಹೇಳು ಸಾಕು. ಅದನ್ನೇ ದಿನಾ ನನ್ನನ್ನು ಕೇಳುತ್ತಾಳೆ. ನಾನು ಸರಿಹೋಯಿತಂತೆ ಅನ್ನುತ್ತೇನೆ. "ನಿನಗೆ ಯಾರು ಹೇಳಿದರು?" ಅನ್ನುತ್ತಾಳೆ.

ಮಗು ನೂರು ವರ್ಷ ಬಾಳಲಿ. ನಿನ್ನ ಹಟ ಅದಕ್ಕೆ ಬರಲಿ, ನನ್ನ ಬಾಯಿ ಬರದಿರಲಿ. ಅಳಿಯಂದಿರಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ವಿಮಾನದಲ್ಲಿ ಗಡದ್ದಾಗಿ ನಿದ್ದೆ ಹೊಡೆದೆ ಅಂತ ಮೇಲೆ ಬರೆದೆನಲ್ಲ, ಅದು ಸುಳ್ಳು. ಒಂದು ಗಳಿಗೆಯೂ ನಿದ್ದೆ ಬಂದಿಲ್ಲ. ವಿಮಾನ ಓಡಿ ನೆಲ ಬಿಟ್ಟ ಕೂಡಲೇ ನನ್ನ ಬಲಗಾಲು ತಾನಾಗಿ ಬ್ರೇಕ್ ಹುಡುಕಿತು. ಅಲ್ಲಿ ಬ್ರೇಕ್ ಇರಲಿಲ್ಲ, ಮುಂದಿನ ಸೀಟಿನ ಕೆಳಗೆ ಯಾರದೋ ಚೀಲ ಇತ್ತು. ಜೀವಮಾನದಲ್ಲಿ ಮೊದಲ ಸಲ ಗಾಡಿ ನನ್ನ ಕೈಯಲ್ಲಿರಲಿಲ್ಲ. ಕಣ್ಣು ಬಿಗಿದು ಮುಚ್ಚಿಕೊಂಡೆ, ಇಳಿಯುವವರೆಗೂ ತೆರೆಯಲಿಲ್ಲ. ಅಕ್ಕ ಒಂದು ಸಲ, "ಕಾಲು ಜೋಮು ಹಿಡಿದಿದೆ ಕಣೋ, ಸ್ವಲ್ಪ ಏಳಲಾ?" ಅಂದಳು. ಆಮೇಲೆ ಇನ್ನೊಂದು ಸಲವೂ ಅಂದಳು. ನಾನು ಕಣ್ಣು ಮುಚ್ಚಿಯೇ, "ಗಾಡಿ ನಿಂತ ಮೇಲೆ" ಅಂದೆ. ಅದು ಕಾನೂನಲ್ಲ. ಅವಳು ಎದ್ದರೆ ನಾನು ಅಲ್ಲಿ ಒಬ್ಬನೇ ಆಗುತ್ತಿದ್ದೆ. ನಿನಗೆ ಅವಳು ಹೆದರಿದೆ ಅಂದಳಲ್ಲ, ಆ ಹೆದರಿಕೆ ನನ್ನದು. ತನ್ನ ಹೆಸರಿಗೆ ಹಾಕಿಕೊಂಡಳು.

ನಿನ್ನೆ ಕೇಳಿಯೇಬಿಟ್ಟೆ: "ನಾನು ಬೇಡ ಅಂದರೂ ನನ್ನನ್ನು ತಳ್ಳಿಕೊಂಡು ಎದ್ದು ಹೋಗಬಹುದಿತ್ತಲ್ಲ ಅಕ್ಕ, ಯಾಕೆ ಕೂತೆ?" ಮಾತ್ರೆ ನುಂಗಲು ನೀರು ಹಿಡಿದುಕೊಂಡಿದ್ದಳು. ನನ್ನನ್ನು ನೋಡಿ ನಕ್ಕಳು.

"ನೀನು ನನ್ನ ಕೈ ಬಿಡಲೇ ಇಲ್ಲವಲ್ಲೋ, ಹೇಗೆ ಏಳಲಿ?"